ಮಿಸ್ಡ್ ಕಾಲ್

"ಬಸ್ ಹತ್ತಿದ ಮೇಲೆ ಒಂದು ಮಿಸ್ ಕಾಲ್ ಕೊಡು, ಸಾಕು." ಈ ಮಾತು ಕೇಳದ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಎತ್ತಲಾಗದೆ ತಪ್ಪಿಹೋದ ಕರೆಗೂ ಮಿಸ್ಡ್ ಕಾಲ್ ಎನ್ನುತ್ತೇವೆ. ಇಲ್ಲಿ ಹೇಳುತ್ತಿರುವುದು ಬೇಕೆಂದೇ ರಿಂಗ್ ಕೊಟ್ಟು, ಆ ಕಡೆಯವರು ಎತ್ತುವ ಮೊದಲೇ ಕಟ್ ಮಾಡುವ ಕರೆಯ ವಿಷಯ.

ಕರೆ ಎತ್ತಿದ ಮೇಲಷ್ಟೇ ಬಿಲ್ ಶುರುವಾಗುತ್ತದೆ; ರಿಂಗ್ ಆಗುವುದಕ್ಕೆ ದುಡ್ಡಿಲ್ಲ. ಅಷ್ಟರಲ್ಲಿ ಯಾರು, ಎಷ್ಟು ಹೊತ್ತಿಗೆ ಕರೆದರು ಎಂಬುದು ಆ ಕಡೆಯ ಮೊಬೈಲಿನಲ್ಲಿ ದಾಖಲಾಗಿರುತ್ತದೆ. ನಂಬರ್ ತೋರಿಸದ ಹಳೇ ಲ್ಯಾಂಡ್‌ಲೈನಿನಲ್ಲಿ ಈ ಉಪಾಯ ಅಷ್ಟಾಗಿ ನಡೆಯುತ್ತಿರಲಿಲ್ಲ. ಭಾರತದಲ್ಲಂತೂ ಮೊದಮೊದಲು ಮೊಬೈಲಿಗೆ ಬಂದ ಕರೆಗೂ ನಾವೇ ದುಡ್ಡು ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಆಮೇಲೆ "ಕರೆನ್ಸಿ ಇಲ್ಲ, ಮಿಸ್ ಕಾಲ್ ಕೊಡ್ತೀನಿ, ನೀವೇ ಮಾಡಿ" ಎನ್ನುವುದು ಸಲೀಸಾಯಿತು.

ಇದನ್ನು ಜಿಪುಣತನ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಕಂಪನಿಯೂ ಹೇಳಿಕೊಡದೆ ಜನ ತಾವೇ ಕಟ್ಟಿಕೊಂಡ ಸಂಕೇತ ಇದು. ಒಂದು ರಿಂಗ್ ಎಂದರೆ 'ತಲುಪಿದೆ', ಎರಡು ಎಂದರೆ 'ಕೆಳಗೆ ನಿಂತಿದ್ದೇನೆ, ಬಾ'. ಗುಟ್ಟು ಇಬ್ಬರಿಗೆ ಗೊತ್ತಿದ್ದರೆ ಆಯಿತು. ಇದು ನಮ್ಮಲ್ಲಿ ಮಾತ್ರ ಹುಟ್ಟಿದ್ದೂ ಅಲ್ಲ. ನೈಜೀರಿಯಾ, ಘಾನಾಗಳಲ್ಲಿ ಇದಕ್ಕೆ 'ಫ್ಲ್ಯಾಶಿಂಗ್' ಎನ್ನುತ್ತಾರೆ, ರುವಾಂಡಾದಲ್ಲಿ 'ಬೀಪಿಂಗ್'. ಇಟಲಿಯ ಹುಡುಗ ಹುಡುಗಿಯರು 'ಸ್ಕ್ವಿಲ್ಲೊ' ಕೊಟ್ಟರೆ 'ನೆನಪಾದೆ' ಎಂದರ್ಥ. ತಿರುಗಿ ಫೋನ್ ಮಾಡಬೇಕೆಂದೇನಿಲ್ಲ.

ಸಂಶೋಧಕ ಜೊನಾಥನ್ ಡೊನರ್ ರುವಾಂಡಾದ ಜನರನ್ನು ಮಾತಾಡಿಸಿ, ಬೀಪಿಂಗ್‌ನ ಕಟ್ಟುಪಾಡುಗಳ ಬಗ್ಗೆ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೈಯಲ್ಲಿ ಹೆಚ್ಚು ದುಡ್ಡಿರುವವರೇ ತಿರುಗಿ ಕರೆಯಬೇಕು. ಹುಡುಗಿಯ ಮನಸ್ಸು ಗೆಲ್ಲಲು ಹೊರಟವನು ಅವಳಿಗೆ ಬೀಪ್ ಮಾಡಬಾರದು. ಯಾರಿಂದಲಾದರೂ ಉಪಕಾರ ಆಗಬೇಕಿದ್ದರೆ ಪೂರ್ತಿ ಕರೆಯನ್ನೇ ಮಾಡಬೇಕು. ನಮ್ಮ ಊರುಗಳಲ್ಲೂ ಇದೇ ಲೆಕ್ಕ: ಮಗಳು ಅಪ್ಪನಿಗೆ ಮಿಸ್ ಕಾಲ್ ಕೊಡಬಹುದು, ಸಾಲ ಕೇಳಬೇಕಾದವರಿಗೆ ಕೊಡುವ ಹಾಗಿಲ್ಲ.

ಉದ್ಯಮದವರ ಕಣ್ಣು ಬಿದ್ದದ್ದು ಆಮೇಲೆ. ಬೆಂಗಳೂರಿನ ಜಿಪ್‌ಡಯಲ್ ಮಿಸ್ಡ್ ಕಾಲನ್ನೇ ಜಾಹೀರಾತಿಗೆ ಬಳಸಿ ಬೆಳೆಯಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ರಾಜಕೀಯ ಪಕ್ಷಗಳು ಮಿಸ್ಡ್ ಕಾಲ್ ಮೂಲಕ ಸದಸ್ಯರನ್ನು ಸೇರಿಸಿಕೊಂಡವು.

2016ರಲ್ಲಿ ಜಿಯೊ ಬಂದು ಮಾತು ಉಚಿತವಾದ ಮೇಲೆ ದುಡ್ಡು ಉಳಿಸುವ ಮಿಸ್ ಕಾಲ್ ಕಡಿಮೆಯಾಯಿತು. ಇಂಟರ್‌ನೆಟ್ ಇಲ್ಲದ ಬಟನ್ ಫೋನಿನವರಿಗೆ ಮಾತ್ರ ಅದು ಇವತ್ತಿಗೂ ಆಧಾರ. ಇಂಡೇನ್ ಸಿಲಿಂಡರ್ ಬುಕ್ ಮಾಡಲು 2021ರಿಂದ ಒಂದು ಮಿಸ್ಡ್ ಕಾಲ್ ಸಾಕು. ಪಿಎಫ್ ಖಾತೆಗೆ ಜೋಡಿಸಿದ ನಂಬರಿನಿಂದ ಕರೆ ಮಾಡಿದರೆ ಎರಡು ರಿಂಗ್ ಆಗಿ ತಾನಾಗಿಯೇ ಕಟ್ ಆಗುತ್ತದೆ. ಖಾತೆಯಲ್ಲಿ ಎಷ್ಟಿದೆ ಎಂಬುದು ಎಸ್ಎಂಎಸ್‌ನಲ್ಲಿ ಬರುತ್ತದೆ.