ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಹೋದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ಯಾರ್ಯಾರೋ ಬಂದು ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಹೋಗುತ್ತಾರೆ. ‘ನೋ ಪಾರ್ಕಿಂಗ್’ ಬೋರ್ಡ್ ಹಾಕಿದ್ದೇವೆ, ಕಾಂಪೌಂಡ್ ಉದ್ದಕ್ಕೂ ಹೂಕುಂಡ ಇಟ್ಟಿದ್ದೇವೆ, ಆದರೂ ನಿಂತಿಲ್ಲ. ಟೈರಿನ ಗಾಳಿ ತೆಗೆಯಬಹುದೇ? ನಮ್ಮ ಮನೆ ಮುಂದಿನ ಜಾಗದ ಮೇಲೆ ನಮಗೆ ಹಕ್ಕಿಲ್ಲವೇ?

ಇದೇ ಪ್ರಶ್ನೆ ಬಡಾವಣೆಯ ಹೆಸರಷ್ಟೇ ಬದಲಾಗಿ ಮತ್ತೆ ಮತ್ತೆ ಬರುತ್ತದೆ. ಇದರೊಳಗೆ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ, ಅವನ್ನು ಬಿಡಿಸಿಕೊಳ್ಳದೆ ಪರಿಹಾರ ಸಿಗುವುದಿಲ್ಲ. ಗೇಟಿನ ಮಟ್ಟಿಗೆ ಕಾನೂನು ಪೂರ್ತಿ ನಿಮ್ಮ ಕಡೆಗಿದೆ. ಹೂಕುಂಡದ ಮಟ್ಟಿಗೆ ಒಂದಿಷ್ಟೂ ಇಲ್ಲ.

ಮೊದಲು ಗೇಟು. ಮನೆಯ ಪ್ರವೇಶಕ್ಕೆ ಅಡ್ಡವಾಗಿ ವಾಹನ ನಿಲ್ಲಿಸಬಾರದು ಎಂಬ ಮಾತು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಾವಳಿಯಲ್ಲೂ ಇದೆ. ಫುಟ್‌ಪಾತ್, ಬಸ್ ನಿಲ್ದಾಣ, ಆಸ್ಪತ್ರೆ ಮತ್ತು ಶಾಲೆಯ ಬಾಗಿಲು, ಜಂಕ್ಷನ್ನಿನಿಂದ 50 ಮೀಟರ್ ಒಳಗಿನ ಜಾಗ, ನಿಂತ ವಾಹನದ ಪಕ್ಕಕ್ಕೆ ಎರಡನೇ ಸಾಲು, ಇವುಗಳ ಜೊತೆಗೇ ಮನೆ ಗೇಟೂ ಸೇರಿದೆ. ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಇನ್ನೂ ವಿಶಾಲವಾದದ್ದು. ಬೇರೆಯವರಿಗೆ ಅಪಾಯ, ಅಡಚಣೆ ಅಥವಾ ವಿಪರೀತ ತೊಂದರೆ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಿಟ್ಟು ಹೋಗುವುದೇ ತಪ್ಪು ಎನ್ನುತ್ತದೆ ಅದು. ಅಂದರೆ ಗೇಟಿನ ರಕ್ಷಣೆಗೆ ನೀವು ಬೋರ್ಡ್ ಹಾಕುವ ಅಗತ್ಯವೇ ಇಲ್ಲ. ಬೋರ್ಡ್ ಇಲ್ಲದಿದ್ದರೂ ಅಡ್ಡ ನಿಲ್ಲಿಸಿದವರದೇ ತಪ್ಪು.

ಕಾರು ಅಡ್ಡ ನಿಂತಿರುವುದು ಕಂಡ ತಕ್ಷಣ ಅದರ ಒಳಗೆ ನೋಡಿ. ಮುಂದಿನ ಗಾಜಿನ ಮೂಲೆಯಲ್ಲೋ ಡ್ಯಾಶ್‌ಬೋರ್ಡಿನ ಮೇಲೋ ಫೋನ್ ನಂಬರ್ ಇಟ್ಟಿರುವವರು ಎಷ್ಟೋ ಜನ. ಇಲ್ಲದಿದ್ದರೆ ಹತ್ತಿರದ ಕ್ಲಿನಿಕ್, ದರ್ಶಿನಿ, ಪಿಜಿ, ಕಲ್ಯಾಣ ಮಂಟಪದಲ್ಲಿ ಕಾರಿನ ನಂಬರ್ ಹೇಳಿ ವಿಚಾರಿಸಿ. ಕಾರು ಬಿಟ್ಟವರು ನಡೆದು ಹೋಗಿರುವುದು ಹತ್ತಿರಕ್ಕೇ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಮಾಲೀಕರ ಫೋನ್ ಹುಡುಕುವುದರಲ್ಲಿ ಹೊತ್ತು ಕಳೆಯಬೇಡಿ. ಅಲ್ಲಿ ಹೆಸರಿನ ಅಕ್ಷರಗಳನ್ನೇ ಮರೆಮಾಡಿರುತ್ತಾರೆ, ಫೋನ್ ನಂಬರ್ ಸಿಗುವ ಮಾತೇ ಇಲ್ಲ. ಮಾಲೀಕರನ್ನು ಹಾಗೆ ಪತ್ತೆ ಮಾಡುವುದು ಪೊಲೀಸರ ಕೆಲಸ.

ಆಮೇಲೆ ಫೋಟೊ. ಬಹಳ ಜನ ನಂಬರ್ ಪ್ಲೇಟಿನ ಹತ್ತಿರ ಹೋಗಿ ಒಂದೇ ಒಂದು ಫೋಟೊ ತೆಗೆದು ಕಳಿಸುತ್ತಾರೆ. ಅದರಲ್ಲಿ ಗೇಟೇ ಕಾಣದಿದ್ದರೆ ತಪ್ಪು ಯಾವುದೆಂದು ನೋಡುವವರಿಗೆ ತಿಳಿಯುವುದಾದರೂ ಹೇಗೆ? ರಸ್ತೆಯ ಆಚೆ ಬದಿಗೆ ಹೋಗಿ, ಎರಡೂ ಗೇಟ್ ಕಂಬಗಳು ಮತ್ತು ಪೂರ್ತಿ ಕಾರು ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು ತೆಗೆಯಿರಿ. ಓರೆಯಿಂದ, ನಂಬರ್ ಪ್ಲೇಟ್ ಸ್ಪಷ್ಟವಾಗಿ ಓದುವಂತೆ ಮತ್ತೊಂದು. ಗೇಟು ತೆರೆದು, ಒಳಗಿರುವ ನಿಮ್ಮ ಕಾರು ಕಾಣುವಂತೆ ಮೂರನೆಯದು. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಸಂಚಾರ ಪೊಲೀಸರ ಅಸ್ತ್ರಂ ಆ್ಯಪಿನಲ್ಲಿ ದೂರು ಹಾಕಲು ಇಷ್ಟು ಸಾಕು. ಆದರೆ ಆ್ಯಪಿನ ದೂರಿನಿಂದ ದಂಡ ಬೀಳಬಹುದೇ ಹೊರತು ಕಾರು ಆ ಕ್ಷಣಕ್ಕೆ ಜಾಗ ಬಿಡುವುದಿಲ್ಲ. ಹೊರಡುವ ತುರ್ತಿದ್ದರೆ 112ಕ್ಕೋ ನಿಮ್ಮ ಭಾಗದ ಸಂಚಾರ ಠಾಣೆಗೋ ಫೋನ್ ಮಾಡಿ. “ಯಾರೋ ಕಾರು ನಿಲ್ಲಿಸಿದ್ದಾರೆ” ಎನ್ನಬೇಡಿ. “ಗೇಟಿಗೆ ಅಡ್ಡ ನಿಂತಿದೆ, ನಮ್ಮ ವಾಹನ ಹೊರಗೆ ತೆಗೆಯಲು ಆಗುತ್ತಿಲ್ಲ” ಎಂದು ಮೊದಲ ವಾಕ್ಯದಲ್ಲೇ ಹೇಳಿ. ನಂತರ ವಾಹನದ ನಂಬರ್, ಮನೆ ನಂಬರ್, ಕ್ರಾಸ್, ಮೇನ್, ಗುರುತಿಗೆ ಒಂದು ಅಂಗಡಿ. ಮನೆಯಲ್ಲಿ ರೋಗಿ ಇದ್ದರೆ ಅದನ್ನೂ ಆಗಲೇ ಹೇಳಿ.

ಒಂದು ಎಚ್ಚರ. “ಕಾರು ನಿಲ್ಲಿಸಿ ಹತ್ತು ಗಂಟೆ ಕಳೆಯಬೇಕು, ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ” ಎಂಬ ಉತ್ತರ ಕೆಲವೊಮ್ಮೆ ಬರುತ್ತದೆ. ಅದು ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಅರ್ಧ ಓದು. ಹತ್ತು ಗಂಟೆಯ ಲೆಕ್ಕ ಬಿಟ್ಟುಹೋದ ವಾಹನಗಳಿಗೆ. ನಿಲ್ಲಿಸಲು ನಿಷೇಧವಿರುವ ಜಾಗದಲ್ಲಿ ನಿಂತಿದ್ದರೆ ಕಾಯುವ ಅಗತ್ಯವಿಲ್ಲ, ಸಮವಸ್ತ್ರದಲ್ಲಿರುವ ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ ಎಳೆಸಬಹುದು ಅಥವಾ ಚಕ್ರಕ್ಕೆ ಲಾಕ್ ಹಾಕಿಸಬಹುದು. ಎಳೆಸಿದ ಖರ್ಚು ಮಾಲೀಕರದೇ, ದಂಡ ಅದರ ಮೇಲೆ. ಇಲ್ಲಿ ನೀವು ಕೇಳಬೇಕಾದದ್ದು ಎಳೆಸುವುದನ್ನು. ಗೇಟಿಗೆ ಅಡ್ಡ ನಿಂತ ಕಾರಿಗೆ ಲಾಕ್ ಹಾಕಿಸಿದರೆ, ಮಾಲೀಕರು ಓಡಿ ಬಂದರೂ ಲಾಕ್ ತೆಗೆಯುವವರು ಬರುವ ತನಕ ಅದು ನಿಮ್ಮ ಗೇಟಿನಲ್ಲೇ ಇರುತ್ತದೆ.

ಗಾಳಿ ತೆಗೆಯುವ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ನಿಮಗೆ ಬೇಕಿರುವುದು ಕಾರು ಅಲ್ಲಿಂದ ಹೋಗುವುದು, ಗಾಳಿ ಇಲ್ಲದ ಕಾರು ಹೋಗುವುದಿಲ್ಲ. ಒಂದು ಟೈರಾದರೆ ಸ್ಟೆಪ್ನಿ ಹಾಕಲು ಅರ್ಧ ಗಂಟೆ, ಎರಡಾದರೆ ಸ್ಟೆಪ್ನಿಯೂ ಸಾಲದು. ಗಮನಿಸದೆ ಓಡಿಸಿಕೊಂಡು ಹೋದರೆ ರಿಮ್ಮಿನ ಕೆಳಗೆ ಸಿಕ್ಕಿದ ಟೈರಿನ ಪಕ್ಕದ ಗೋಡೆ ಹರಿದುಹೋಗುತ್ತದೆ, ಆ ಟೈರು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬೇಕೆಂದೇ ಇನ್ನೊಬ್ಬರ ವಸ್ತುವಿಗೆ ನಷ್ಟ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಲ್ಲಿ ಅಪರಾಧ. ಅಲ್ಲಿಯವರೆಗೆ ನ್ಯಾಯ ನಿಮ್ಮ ಕಡೆಗಿತ್ತು, ವಾಲ್ವ್‌ಗೆ ಕೈ ಹಾಕಿದ ಮೇಲೆ ದೂರು ಕೊಡುವವರು ಅವರಾಗುತ್ತಾರೆ. ಕಾರನ್ನು ತಳ್ಳಲೂ ಹೋಗಬೇಡಿ. ಗೇರಿನಲ್ಲಿರುತ್ತದೆ, ಸ್ಟೀರಿಂಗ್ ಲಾಕ್ ಆಗಿರುತ್ತದೆ, ನಾಲ್ಕು ಜನ ಸೇರಿದರೂ ಜರುಗುವುದು ಅರ್ಧ ಅಡಿ, ಬಂಪರ್ ಮುರಿದರೆ ಲೆಕ್ಕ ನಿಮ್ಮ ಮೇಲೆ.

ಈಗ ಎಷ್ಟು ಸಲ ಹೇಳಿದರೂ ಹೋಗದ ಆ ನಂಬಿಕೆಗೆ ಬರೋಣ: “ನಮ್ಮ ಮನೆ ಮುಂದಿನ ರಸ್ತೆ ನಮ್ಮದು.”

ನಿಮ್ಮ ಕ್ರಯಪತ್ರವನ್ನು ಬೀರುವಿನಿಂದ ಹೊರಗೆ ತೆಗೆದು ಕೊನೆಯಲ್ಲಿರುವ ಷೆಡ್ಯೂಲ್ ಓದಿ. ಅಲ್ಲಿ ಚೆಕ್ಕುಬಂದಿ ಇರುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಷ್ಟನೇ ನಂಬರ್ ಸೈಟು, ಉತ್ತರಕ್ಕೆ ಇಂಥದು, ದಕ್ಷಿಣಕ್ಕೆ ಇಂಥದು. ಹಿಂದಿನ ಸೈಟು ನಿಮ್ಮದಲ್ಲ ಎಂದು ಹೇಳುವ ಆ ಸಾಲೇ, ಅದೇ ಮಸಿಯಲ್ಲಿ, ಮುಂದಿನ ರಸ್ತೆಯೂ ನಿಮ್ಮದಲ್ಲ ಎಂದು ಹೇಳುತ್ತಿದೆ. ಚೆಕ್ಕುಬಂದಿಯಲ್ಲಿ ಬರೆದದ್ದು ನಿಮ್ಮ ಆಸ್ತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು. 30x40 ಎಂದರೆ 1,200 ಚದರಡಿ, ಅದರಲ್ಲಿ ಡಾಂಬರಿನ ಒಂದು ಅಡಿಯೂ ಸೇರಿಲ್ಲ.

“ಆಸ್ತಿ ತೆರಿಗೆ ಕಟ್ಟುತ್ತೇವಲ್ಲ” ಎಂಬುದು ಮುಂದಿನ ವಾದ. ತೆರಿಗೆಯ ಅರ್ಜಿಯಲ್ಲಿ ಸೈಟಿನ ಅಳತೆ ಕೇಳುತ್ತಾರೆ, ಕಟ್ಟಿದ ಜಾಗ ಕೇಳುತ್ತಾರೆ, ರಸ್ತೆಯ ಅಳತೆ ಕೇಳುವ ಕಾಲಮೇ ಇಲ್ಲ. “ವಾಹನಕ್ಕೆ ರಸ್ತೆ ತೆರಿಗೆ ಕಟ್ಟಿದ್ದೇವೆ” ಎಂದರೆ, ಬಂದು ನಿಲ್ಲಿಸಿದವರೂ ಕಟ್ಟಿದ್ದಾರೆ. ಬೆಂಗಳೂರಿಗೆಂದು 2021ರಲ್ಲಿ ಒಪ್ಪಿಗೆ ಪಡೆದ ಪಾರ್ಕಿಂಗ್ ನೀತಿಯನ್ನೇ ನೋಡಿ. ಮನೆಯವರು ತಮ್ಮ ಬೀದಿಯಲ್ಲಿ ಕಾರು ನಿಲ್ಲಿಸಬೇಕಾದರೆ ಪರವಾನಗಿ ಪಡೆಯಬೇಕು, ಗಾತ್ರಕ್ಕೆ ತಕ್ಕಂತೆ ವರ್ಷಕ್ಕೆ 1,000ದಿಂದ 5,000 ರೂಪಾಯಿ ಕೊಡಬೇಕು ಎಂದಿತ್ತು ಅದರಲ್ಲಿ. ಸ್ವಂತ ಜಾಗಕ್ಕೆ ಯಾರೂ ಬಾಡಿಗೆ ಕಟ್ಟುವುದಿಲ್ಲ.

ಇನ್ನು ಬೋರ್ಡ್. ಸಂಚಾರ ಫಲಕ ಹಾಕುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 116ನೇ ಕಲಮಿನಲ್ಲಿ ಸರ್ಕಾರಕ್ಕೆ ಮತ್ತು ಅದು ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಇದೆ, ಮನೆಯವರಿಗಿಲ್ಲ. ನೀಲಿ ವೃತ್ತಕ್ಕೆ ಕೆಂಪು ಅಂಚು, ಅಡ್ಡಲಾಗಿ ಒಂದು ಕೆಂಪು ಗೆರೆ ಇದ್ದರೆ ನಿಲುಗಡೆ ಇಲ್ಲ. ಎರಡು ಗೆರೆ ಗುಣಾಕಾರ ಚಿಹ್ನೆಯ ಹಾಗೆ ದಾಟಿದ್ದರೆ ಒಂದು ಕ್ಷಣವೂ ನಿಲ್ಲಿಸುವಂತಿಲ್ಲ. ಇವನ್ನು ಅಧಿಕಾರಿಗಳು ನೆಟ್ಟಿದ್ದರೆ ಮಾತ್ರ ಬೆಲೆ. ನಿಮ್ಮ ಗೇಟಿನ ಮೇಲೆ ನೀವು ಬರೆಸಿದ್ದು ಒಂದು ವಿನಂತಿ. ಗೇಟಿನ ಮಟ್ಟಿಗೆ ಅದು ಒಳ್ಳೆಯದೇ, ಕಾಂಪೌಂಡಿಗೆ ನೇತುಹಾಕಿದರೆ ಅದಕ್ಕೆ ಯಾವ ಬಲವೂ ಇಲ್ಲ.

ಕುಂಡ, ಸೈಜುಗಲ್ಲು, ಸರಪಳಿ, ಸಿಮೆಂಟು ತುಂಬಿದ ಪೇಂಟ್ ಡಬ್ಬಿ, ಇವೆಲ್ಲ ಇನ್ನೂ ಕೆಟ್ಟದ್ದು. ಸಾರ್ವಜನಿಕ ದಾರಿಗೆ ಅಡಚಣೆ ಮಾಡಿದರೆ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡವಿದೆ. ರಾತ್ರಿ ಬೀದಿದೀಪ ಹೋದಾಗ ಬೈಕಿನವರು ಆ ಕಲ್ಲಿಗೆ ಹೊಡೆದು ಬಿದ್ದರೆ ಹೊಣೆ ಇಟ್ಟವರದು. ಆದರೆ ಕಾನೂನಿಗಿಂತ ದೊಡ್ಡ ಮಾತು ಬೇರೆ ಇದೆ, ಅದನ್ನು ಅಳತೆ ಹಾಕಿಯೇ ತೋರಿಸಬೇಕು.

ನಿಮ್ಮ ಸೈಟಿನ ಮುಂಭಾಗ 30 ಅಡಿ. ಗೇಟು ಒಂದು ಮೂಲೆಯಲ್ಲಿ, 10 ಅಡಿ. ಉಳಿದದ್ದು 20 ಅಡಿ ಕಾಂಪೌಂಡ್. ಪೇಟೆಯಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳ ಉದ್ದ 4 ಮೀಟರಿನ ಒಳಗೆ, ಅಂದರೆ ಸುಮಾರು 13 ಅಡಿ. ಆ 20 ಅಡಿಯಲ್ಲಿ ಒಂದು ಕಾರು ಹಿಂದೆ ಮುಂದೆ ಮೂರು ಮೂರು ಅಡಿ ಬಿಟ್ಟು, ಗೇಟನ್ನು ಮುಟ್ಟದೆ, ಸಲೀಸಾಗಿ ನಿಲ್ಲುತ್ತದೆ. ಈಗ ಅಲ್ಲಿ ಎಂಟು ಕುಂಡ ಇಡಿ. ಬಂದವರಿಗೆ ನಿಮ್ಮ ಮನೆ ಮುಂದೆ ಖಾಲಿ ಕಾಣುವುದು ಒಂದೇ ಜಾಗ, ಆ 10 ಅಡಿಯ ಗೇಟು. ಪಕ್ಕದ ಮನೆಯವರೂ, ಅದರ ಪಕ್ಕದವರೂ ಹೀಗೇ ಇಟ್ಟಿದ್ದರೆ ಇಡೀ ಕ್ರಾಸಿನಲ್ಲಿ ಕುಂಡವಿಲ್ಲದ ಜಾಗವೆಂದರೆ ಗೇಟುಗಳಷ್ಟೇ. ಗೇಟಿಗೆ ಅಡ್ಡ ನಿಲ್ಲಿಸಿದವರದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ಗೇಟಿನ ಕಡೆ ತಳ್ಳಿದ್ದು ಆ ಕುಂಡಗಳು. ಅವನ್ನು ಒಳಗೆ ತೆಗೆದಿಟ್ಟು, ಕಾಂಪೌಂಡ್ ಪಕ್ಕ ಅಪರಿಚಿತರ ಕಾರು ನಿಲ್ಲುವುದನ್ನು ಒಪ್ಪಿಕೊಳ್ಳುವುದೇ ನಿಮ್ಮ ಗೇಟು ತೆರವಾಗಿರಲು ಇರುವ ಅಗ್ಗದ ಉಪಾಯ.

ಜೊತೆಗೆ ಗೇಟು ಗೇಟೆಂದು ಕಾಣಬೇಕು. ಕಾಂಪೌಂಡಿನ ಬಣ್ಣವನ್ನೇ ಬಳಿದ ತಗಡಿನ ಗೇಟು ರಾತ್ರಿಯಲ್ಲಿ ಗೋಡೆಯ ಹಾಗೇ ಕಾಣುತ್ತದೆ. ಎರಡೂ ಕಂಬಗಳಿಗೆ ನೆಲದಿಂದ ಎರಡು–ಎರಡೂವರೆ ಅಡಿ ಎತ್ತರದಲ್ಲಿ, ಹೆಡ್‌ಲೈಟ್ ಬೆಳಕು ನೇರ ಬೀಳುವಲ್ಲಿ, ಹೊಳೆಯುವ ಟೇಪ್ ಅಂಟಿಸಿ. ಗೇಟಿನ ಮೇಲೆ ದಪ್ಪ ಅಕ್ಷರದಲ್ಲಿ “ಈ ಗೇಟಿನಿಂದ ಕಾರು ಓಡಾಡುತ್ತದೆ” ಎಂದು ಬರೆಸಿ. ಬೆದರಿಕೆಯ ಬೋರ್ಡಿಗಿಂತ ಈ ಸುದ್ದಿ ಹೆಚ್ಚು ಕೆಲಸ ಮಾಡುತ್ತದೆ.

ಯಾರೂ ನೇರವಾಗಿ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಗೇಟಿಗೆ ಅಡ್ಡ ಯಾರೂ ಇಲ್ಲ, ರಸ್ತೆಯ ಆಚೆ ಬದಿ ಸರಿಯಾಗಿ ಎದುರಿಗೆ ಕಾರು ನಿಂತಿದೆ, ನಿಮ್ಮದು ತಿರುಗುತ್ತಿಲ್ಲ. ಆಗ?

30 ಅಡಿ ರಸ್ತೆ ಎಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ. ಎರಡೂ ಬದಿಯ ಮೋರಿ, ಚಪ್ಪಡಿ, ಕರೆಂಟ್ ಕಂಬ ಕಳೆದರೆ ಡಾಂಬರು ಉಳಿಯುವುದು 20 ಅಡಿಯ ಆಸುಪಾಸು. ಕನ್ನಡಿ ಸೇರಿ ಒಂದು ಕಾರು ಆರೂವರೆ ಅಡಿ ತಿನ್ನುತ್ತದೆ. ಎದುರಿನ ಕಾರು ಕಳೆದು, ನಿಮ್ಮ ಕಡೆಯ ಚಪ್ಪಡಿ ಸೇರಿಸಿದರೆ ತಿರುಗಲು ಸಿಗುವುದು 17–18 ಅಡಿ. ಸಣ್ಣ ಕಾರಿಗೆ ಇದು ಸಾಲುತ್ತದೆ, ಆದರೆ ಮೂತಿ ಮುಂದಾಗಿ ಹೊರಬಂದರೆ ಮಾತ್ರ. ತಿರುಗುವುದು ಮುಂದಿನ ಗಾಲಿಗಳು. ಅವು ರಸ್ತೆಯಲ್ಲಿ, ಬಯಲಿನಲ್ಲಿ ಇದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಬಹುದು. ಹಿಮ್ಮುಖವಾಗಿ ಹೊರಬರುವಾಗ ಅದೇ ಗಾಲಿಗಳು ಎರಡು ಕಂಬಗಳ ನಡುವೆ ಸಿಕ್ಕಿರುತ್ತವೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಬಂಪರಿನ ಮೂಲೆ ಕಂಬಕ್ಕೆ ತಾಗುತ್ತದೆ. ಅದಕ್ಕೇ ಸಂಜೆ ಬಂದಾಗಲೇ ರಿವರ್ಸ್ ಹಾಕಿ ಒಳಗೆ ನಿಲ್ಲಿಸಿ. ಬೆಳಿಗ್ಗೆ ಹೊರಡುವಾಗ ಹಿಂದಿನ ಗಾಲಿ ಗೇಟಿನ ಗೆರೆಗೆ ಬರುವ ತನಕ ನೇರ ಬನ್ನಿ, ಆಮೇಲೆ ಒಂದೇ ಸಲಕ್ಕೆ ಪೂರ್ತಿ ತಿರುಗಿಸಿ. ಮೊದಲೇ ತಿರುಗಿಸಿದರೆ ಒಳಬದಿಯ ಹಿಂದಿನ ಬಾಗಿಲು ಕಂಬಕ್ಕೆ ಉಜ್ಜುತ್ತದೆ.

ಇಷ್ಟು ಮಾಡಿಯೂ ಆಗದಿದ್ದರೆ 122ನೇ ಕಲಂ ಎದುರಿನ ಕಾರಿಗೂ ಅನ್ವಯಿಸುತ್ತದೆ. ನಿಮ್ಮ ಕಾರು ಅರ್ಧ ಹೊರಬಂದು ಸಿಕ್ಕಿಕೊಂಡ ಸ್ಥಿತಿಯಲ್ಲೇ ಫೋಟೊ ತೆಗೆಯಿರಿ, ಅದೇ ಸಾಕ್ಷಿ.

ಎರಡೂ ಬದಿ ಕಾರು ನಿಂತ ಬೀದಿಯಲ್ಲಿ ನಡುವೆ ಉಳಿಯುವುದು ಏಳೇ ಅಡಿ. ಅಗ್ನಿಶಾಮಕದ ವಾಹನ ಎಂಟು ಅಡಿ ಅಗಲ. ಹೀಗಿದ್ದಲ್ಲಿ ಬೀದಿಯವರು ಸೇರಿ ಒಂದೇ ಬದಿ ನಿಲುಗಡೆ, ಇಲ್ಲವೇ ಸಮ–ಬೆಸ ದಿನಾಂಕದ ನಿಲುಗಡೆ ಕೇಳಬೇಕು. ನಿಲುಗಡೆಯ ಜಾಗ ಗೊತ್ತುಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಲ್ಲಿದೆ. ಸಂಚಾರ ಠಾಣೆಗೆ ಕೊಡುವ ಪತ್ರದ ಜೊತೆ ಬೀದಿಯ ಕೈನಕ್ಷೆ ಇರಲಿ: ಮೂರು ಕಡೆ ಟೇಪಿನಲ್ಲಿ ಅಳೆದ ಡಾಂಬರಿನ ಅಗಲ, ಪ್ರತಿ ಗೇಟಿನ ಸ್ಥಾನ, ಕಂಬ, ಟ್ರಾನ್ಸ್‌ಫಾರ್ಮರ್. ಒಂದೇ ಬದಿ ಕೇಳುವುದಾದರೆ ಗೇಟುಗಳು ಕಡಿಮೆ ಇರುವ ಬದಿಯನ್ನು ಕೇಳಿ, ಮೂಲೆ ಮನೆಯ ಉದ್ದನೆಯ ಗೋಡೆ ಇರುವ ಬದಿಯಾದರೆ ಇನ್ನೂ ಒಳ್ಳೆಯದು. ಪತ್ರ ಕೊಡುವ ಮೊದಲು ಎಲ್ಲ ಮನೆಯ ಕುಂಡಗಳೂ ಒಳಗೆ ಹೋಗಿರಲಿ, ಅಳೆಯಲು ಬಂದವರು ಮೊದಲು ನೋಡುವುದು ಅವನ್ನೇ.