ಸೊನ್ನೆ ಡಿಗ್ರಿಯ ಆಚೆ ಈಚೆ ಹರಿಯುವ ಸಿಹಿ

ಬೆಳಿಗ್ಗೆ 8 ಗಂಟೆಗೆ ಮೇಪಲ್ ಮರಕ್ಕೆ ಕೊರೆದ ತೂತಿನಿಂದ ಒಂದು ಹನಿಯೂ ಬರಲಿಲ್ಲ. ಡ್ರಿಲ್ಲಿನ ಜೊತೆ ಹೊರಬಿದ್ದ ಮರದ ಪುಡಿ ಬೆಣ್ಣೆಯ ಬಣ್ಣಕ್ಕಿತ್ತು. ತೂತು ಕಿರುಬೆರಳೂ ಹೋಗದಷ್ಟು ಸಣ್ಣದು. ಅಗಲ 8 ಮಿಲಿಮೀಟರ್, ಆಳ 4 ಸೆಂಟಿಮೀಟರ್. ಅಂಚು ಮುಟ್ಟಿ ನೋಡಿದೆ, ಒಣಗಿತ್ತು. ಅವತ್ತು ಮೈನಸ್ 6 ಡಿಗ್ರಿ ಚಳಿ. "ಸ್ವಲ್ಪ ಕಾಯಿರಿ, ಮರ ಇನ್ನೂ ಎದ್ದಿಲ್ಲ" ಎಂದರು ಆ ತೋಟದ ಹಿರಿಯರು. ಸಣ್ಣದೊಂದು ಮೂತಿಯನ್ನು ತೂತಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದರು. ಅದಕ್ಕೊಂದು ತಗಡಿನ ಬಕೆಟ್ ನೇತುಹಾಕಿ ಮುಂದಿನ ಮರಕ್ಕೆ ಹೋದರು.

ಹತ್ತೂವರೆಯ ಹೊತ್ತಿಗೆ ಬಿಸಿಲು ಕಾಂಡದ ಮೇಲೆ ಬಿತ್ತು. ಮೂತಿಯ ತುದಿಯಲ್ಲಿ ಒಂದು ಹನಿ ಕಾಣಿಸಿತು. ಮೆಲ್ಲಗೆ ದಪ್ಪವಾಯಿತು, ಉದ್ದವಾಯಿತು, ಬಿತ್ತು. ಖಾಲಿ ಬಕೆಟ್ಟಿನ ತಳದಲ್ಲಿ ಟಣ್ ಎಂಬ ಸದ್ದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹನಿಗಳು ಗಡಿಯಾರದ ಮುಳ್ಳಿನಂತೆ ಒಂದರ ಹಿಂದೊಂದು ಬೀಳತೊಡಗಿದವು. ಸುತ್ತಲಿನ ಎಲ್ಲ ಮರಗಳಿಂದಲೂ ಅದೇ ಸದ್ದು. ಬೆರಳಿಗೆ ಹನಿ ತಗೊಂಡು ನೆಕ್ಕಿದೆ. ಪೂರ್ತಿ ನೀರು. ನುಂಗಿದ ಮೇಲೆ, ಕೊನೆಗೆ ಸ್ವಲ್ಪವೇ ಸಿಹಿ.

ಇದು ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯ. ಬಾಸ್ಟನ್ನಿನಿಂದ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆ. ಗ್ರೀನ್ ಮೌಂಟನ್ಸ್ ಎಂಬ ಬೆಟ್ಟಸಾಲು ರಾಜ್ಯದ ಉದ್ದಕ್ಕೂ ಬೆನ್ನುಮೂಳೆಯ ಹಾಗೆ ಹಬ್ಬಿದೆ. ಅದರಲ್ಲಿ ಎತ್ತರದ್ದು 1,339 ಮೀಟರಿನ ಮೌಂಟ್ ಮ್ಯಾನ್ಸ್‌ಫೀಲ್ಡ್. ಈ ರಸ ಕಾಯಿಸಿ ಮಾಡುವ ಪಾಕವೇ ಮೇಪಲ್ ಸಿರಪ್. ಪ್ರಪಂಚದಲ್ಲಿ ಅದರ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. ಆದರೆ ಅಮೆರಿಕದೊಳಗೆ ತಯಾರಾಗುವುದರಲ್ಲಿ ಸುಮಾರು ಅರ್ಧ ಈ ಪುಟ್ಟ ರಾಜ್ಯದ್ದೇ. ಕ್ಯಾಲೆಂಡರಿನ ಪ್ರಕಾರ ಮಾರ್ಚ್ 20ರ ಸುಮಾರಿಗೆ ವಸಂತ ಶುರು. ನಾನು ಹೋದಾಗ ಕಾಡಿನಲ್ಲಿ ಮೊಣಕಾಲುದ್ದ ಹಿಮವಿತ್ತು. ಹಾಗಾದರೆ ಇಲ್ಲಿನವರಿಗೆ ವಸಂತ ಬಂದದ್ದು ಹೇಗೆ ಗೊತ್ತಾಗುತ್ತದೆ? ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ. ಈ ಏರಿಳಿತ ದಿನಾ ನಡೆಯತೊಡಗಿದರೆ ಬಂತು ಅಂತ ಲೆಕ್ಕ. ಮರದ ರಸ, ರಸ್ತೆಯ ಕೆಸರು, ಸ್ಕೀ ಮಾಡುವವರ ಹಿಮ, ಕಪ್ಪೆಯ ಕೂಗು, ಎಲ್ಲವನ್ನೂ ಆ ತಿಂಗಳು ಆಡಿಸುವುದು ಈ ಸೊನ್ನೆಯ ಗೆರೆಯೇ.

ಮೊದಲು ಮರದ ವಿಷಯ. ನಮ್ಮಲ್ಲಿ ತೆಂಗಿನಿಂದಲೋ ಬಗನಿಯಿಂದಲೋ ನೀರಾ ಇಳಿಸುತ್ತಾರೆ, ಅಲ್ವಾ? ಇದೂ ಅದೇ ಥರ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ನೀರಾ ಬರುವುದು ಹೂಗೊಂಚಲಿನ ತುದಿ ಕೊಯ್ದಾಗ. ಎಲೆಗಳು ಮಾಡಿದ ಸಕ್ಕರೆಯನ್ನು ಹೂವಿಗೆ ಸಾಗಿಸುವ ನಾಳಗಳ ರಸ ಅದು. ಅದಕ್ಕೇ ಅಷ್ಟು ಸಿಹಿ. ಮೇಪಲ್ ಮರದಲ್ಲಿ ಮಾರ್ಚ್ ತಿಂಗಳಿಗೆ ಒಂದು ಎಲೆಯೂ ಇರುವುದಿಲ್ಲ. ಅಲ್ಲಿ ತೊಟ್ಟಿಕ್ಕುವುದು ಕಟ್ಟಿಗೆಯೊಳಗಿನ ನೀರಿನ ನಾಳಗಳಿಂದ, ಅಂದರೆ ಬೇರು ಹೀರಿದ ನೀರನ್ನು ಮೇಲಕ್ಕೆ ಒಯ್ಯುವ ನಾಳಗಳಿಂದ. ಹಿಂದಿನ ಬೇಸಿಗೆಯಲ್ಲಿ ಎಲೆಗಳು ಮಾಡಿದ ಸಕ್ಕರೆಯನ್ನು ಮರ ಪಿಷ್ಟವಾಗಿ ಕಾಂಡದಲ್ಲಿ ಕೂಡಿಟ್ಟಿರುತ್ತದೆ. ಚಳಿ ಹಿಡಿದಾಗ ಅದರಲ್ಲಿ ಒಂದು ಪಾಲು ಮತ್ತೆ ಸಕ್ಕರೆಯಾಗಿ ಈ ನೀರಿಗೆ ಇಳಿಯುತ್ತದೆ. ಹಾಗೆ ಸೇರಿದರೂ ಅದರ ಪ್ರಮಾಣ ಸುಮಾರು 2% ಅಷ್ಟೇ.

ಇನ್ನು ಆ ನೀರನ್ನು ಹೊರಕ್ಕೆ ತಳ್ಳುವವರು ಯಾರು? ಎಲೆ ಇದ್ದರೆ ಬಿಸಿಲಿಗೆ ನೀರು ಆವಿಯಾಗಿ ಮೇಲಕ್ಕೆ ಎಳೆಯುತ್ತದೆ ಅನ್ನಬಹುದಿತ್ತು. ಎಲೆ ಇಲ್ಲವಲ್ಲ. ಇದರ ಉತ್ತರ ನನಗೆ ತುಂಬಾ ಇಷ್ಟವಾದ ಭಾಗ, ನಿಧಾನವಾಗಿ ಹೇಳುತ್ತೇನೆ.

ನೀರಿನ ನಾಳಗಳ ಸುತ್ತ ಮರಕ್ಕೆ ಗಟ್ಟಿತನ ಕೊಡುವ ನಾರಿನ ಕೋಶಗಳಿರುತ್ತವೆ. ಬೇರೆ ಬಹಳಷ್ಟು ಮರಗಳಲ್ಲಿ ಇವುಗಳ ಒಳಗೂ ನೀರು ತುಂಬಿರುತ್ತದೆ. ಮೇಪಲ್‌ನಲ್ಲಿ ಹಾಗಲ್ಲ, ಅವು ಪೊಳ್ಳು, ಒಳಗೆ ಗಾಳಿ. ರಾತ್ರಿ ಚಳಿ ಸೊನ್ನೆಗಿಂತ ಇಳಿದಾಗ ಈ ಪೊಳ್ಳು ನಾರುಗಳ ಒಳಗೋಡೆಗೆ ಮಂಜುಗಡ್ಡೆ ಕಟ್ಟತೊಡಗುತ್ತದೆ, ಫ್ರೀಜರಿನ ಗೋಡೆಗೆ ಕಟ್ಟುತ್ತದಲ್ಲ ಹಾಗೆ. ಅದಕ್ಕೆ ಬೇಕಾದ ನೀರು ಪಕ್ಕದ ನಾಳದಿಂದ ಬರುತ್ತದೆ. ಮಂಜುಗಡ್ಡೆ ಬೆಳೆದಂತೆ ಒಳಗಿದ್ದ ಗಾಳಿಗೆ ಜಾಗ ಸಾಲದೆ ಅದು ಒತ್ತಿಕೊಳ್ಳುತ್ತದೆ. ಅತ್ತ ನಾಳದಲ್ಲಿ ನೀರು ಕಡಿಮೆಯಾಗಿ ಎಳೆತ ಹುಟ್ಟುತ್ತದೆ. ಆ ಎಳೆತಕ್ಕೆ ಬೇರುಗಳು ಮಣ್ಣಿನಿಂದ ಹೊಸ ನೀರು ಹೀರುತ್ತವೆ. ಅಂದರೆ ನಾವು ರಗ್ಗು ಹೊದ್ದು ಮಲಗಿರುವಾಗ ಮರ ನೀರು ತುಂಬಿಕೊಳ್ಳುತ್ತಾ ಇರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಮಂಜುಗಡ್ಡೆ ಕರಗುತ್ತದೆ. ರಾತ್ರಿಯೆಲ್ಲ ಒತ್ತಿಕೊಂಡಿದ್ದ ಗಾಳಿ ಹಿಗ್ಗುತ್ತದೆ, ಕರಗಿದ ನೀರನ್ನು ನಾಳಕ್ಕೆ ನೂಕುತ್ತದೆ. ರೆಂಬೆಗಳಲ್ಲಿ ಹೆಪ್ಪುಗಟ್ಟಿದ್ದ ನೀರೂ ಕರಗಿ, ತನ್ನ ಭಾರಕ್ಕೆ ಕೆಳಗೆ ಒತ್ತುತ್ತದೆ. ಒಳ್ಳೆಯ ದಿನ ಕಾಂಡದೊಳಗಿನ ಒತ್ತಡ ಕಾರಿನ ಟೈರಿನಲ್ಲಿರುವ ಒತ್ತಡದ ಹತ್ತಿರಕ್ಕೆ ಹೋಗುತ್ತದೆ. ಆಗ ಎಲ್ಲೇ ತೂತಿದ್ದರೂ ರಸ ಹೊರಗೆ ಬರಲೇಬೇಕು.

ಇದರಲ್ಲಿ ಸಕ್ಕರೆಗೂ ಒಂದು ಕೆಲಸ ಇದೆ. ನಾಳಕ್ಕೂ ನಾರಿಗೂ ನಡುವಿನ ಗೋಡೆ ನೀರನ್ನು ಬಿಡುತ್ತದೆ, ಸಕ್ಕರೆಯನ್ನು ಬಿಡುವುದಿಲ್ಲ. ಹಾಗಾಗಿ ಸಕ್ಕರೆ ನಾಳದಲ್ಲೇ ಉಳಿದು ನೀರನ್ನು ತನ್ನ ಕಡೆ ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದಲೇ ಒತ್ತಡ ಗಂಟೆಗಟ್ಟಲೆ ನಿಲ್ಲುತ್ತದೆ. ನಮ್ಮ ನಾಲಿಗೆಗೆ ರುಚಿ ಕೊಡುವ ಆ 2% ಸಕ್ಕರೆ ಮರದ ಪಂಪಿನ ಒಂದು ಭಾಗ.

ಇದನ್ನೆಲ್ಲ ಬಿಡಿಸಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ವರ್ಮಾಂಟ್ ವಿಶ್ವವಿದ್ಯಾಲಯದವರು 1903ರಲ್ಲೇ ಮರದೊಳಗಿನ ಒತ್ತಡ ಅಳೆದು ವರದಿ ಬರೆದಿದ್ದರು. 1946ರಲ್ಲಿ ಮ್ಯಾನ್ಸ್‌ಫೀಲ್ಡ್ ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿ, ಅಂಡರ್‌ಹಿಲ್ ಎಂಬ ಊರಿನ ಹತ್ತಿರ, ಮೇಪಲ್‌ಗೆಂದೇ ಪ್ರಾಕ್ಟರ್ ಸಂಶೋಧನಾ ಕೇಂದ್ರ ಶುರುವಾಯಿತು. ಈಗಲೂ ನಡೆಯುತ್ತಿದೆ. ಆದರೆ ಮರಕ್ಕೆ ಗಾಯ ಮಾಡಿ ಈ ರಸ ತೆಗೆಯಬಹುದು, ಕಾಯಿಸಿ ಸಕ್ಕರೆ ಮಾಡಬಹುದು ಎಂದು ಮೊದಲು ಕಂಡುಕೊಂಡವರು ವಿಜ್ಞಾನಿಗಳಲ್ಲ, ಯುರೋಪಿನಿಂದ ಬಂದವರೂ ಅಲ್ಲ. ಅಬೆನಾಕಿಯಂಥ ಇಲ್ಲಿನ ಮೂಲ ಜನರು. ಪ್ರತಿ ಬಾಟಲಿಯ ಮೇಲೂ ಅವರ ಹೆಸರಿರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಸಂಜೆ ಕಾಯಿಸುವ ಮನೆಗೆ ಹೋದೆವು. ಇವರು ಅದನ್ನು ಶುಗರ್‌ಹೌಸ್ ಅನ್ನುತ್ತಾರೆ. ಮರದ ಹಲಗೆಯ ಗೋಡೆ. ಮಾಡಿನ ನಡುವೆ ಹಬೆ ಹೋಗಲು ಇನ್ನೊಂದು ಪುಟ್ಟ ಮಾಡು. ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಿಸಿ ಹಬೆ ಬಡಿಯಿತು, ಜೊತೆಗೆ ಆ ವಾಸನೆ. ನನಗೆ ಬೇರೇನೂ ಹೊಳೆಯಲಿಲ್ಲ. ಆಲೆಮನೆ! ಶಿರಸಿಯ ಕಡೆ ರಾತ್ರಿ ಕಬ್ಬಿನ ಹಾಲು ಕುದಿಯುವಾಗ ಕೊಪ್ಪರಿಗೆಯ ಪಕ್ಕ ನಿಂತರೆ ಬರುವ ವಾಸನೆಯ ಅಣ್ಣನೋ ತಮ್ಮನೋ ಇದು.

ಆದರೆ ಇಲ್ಲಿನ ಕಷ್ಟ ಬೇರೆ. ರಸದಲ್ಲಿ ನೀರೇ ಜಾಸ್ತಿ. ಇಲ್ಲಿನವರು 86ರ ಲೆಕ್ಕ ಎಂದು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. 86ನ್ನು ರಸದ ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿದರೆ ಒಂದು ಲೀಟರ್ ಸಿರಪ್ಪಿಗೆ ಎಷ್ಟು ಲೀಟರ್ ರಸ ಬೇಕು ಎಂದು ಸಿಗುತ್ತದೆ. 2% ಇದ್ದರೆ 43 ಲೀಟರ್. ಬಕೆಟ್ ಕಟ್ಟಿದ ಒಂದು ತೂತು ಇಡೀ ಋತುವಿನಲ್ಲಿ ಕೊಡುವುದೇ ಹತ್ತಿರ ಹತ್ತಿರ ಅಷ್ಟು. ಉಳಿದ 42 ಲೀಟರ್ ಹಬೆಯಾಗಿ ಮಾಡಿನಿಂದಾಚೆ ಹೋಗಬೇಕು. ಸುಮ್ನೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ನಮ್ಮ ಅಡುಗೆಮನೆಯ 14.2 ಕೆಜಿ ಗ್ಯಾಸ್ ಸಿಲಿಂಡರಿನ ಶಾಖದಲ್ಲಿ ಅರ್ಧ ವ್ಯರ್ಥವಾಗುತ್ತದೆ ಎಂದುಕೊಂಡರೆ, ಒಂದು ಸಿಲಿಂಡರಿಗೆ ಬರೀ 3 ಲೀಟರಿನಷ್ಟು ಸಿರಪ್! ಅದಕ್ಕೇ ಈಗ ದೊಡ್ಡ ತೋಟಗಳವರು ನಮ್ಮ ಮನೆಯ ನೀರಿನ ಫಿಲ್ಟರಿನಲ್ಲಿರುವಂಥ ಆರ್‌ಓ ಯಂತ್ರವನ್ನೇ ಬಳಸುತ್ತಾರೆ, ಆದರೆ ತಿರುವುಮುರುವಾಗಿ. ನಾವು ದಾಟಿ ಬಂದ ನೀರನ್ನು ಕುಡಿಯುತ್ತೇವೆ. ಇವರು ಅದನ್ನು ಪಕ್ಕಕ್ಕಿಟ್ಟು ಹಿಂದೆ ಉಳಿದದ್ದನ್ನು ಕಾಯಿಸುತ್ತಾರೆ. ಸಕ್ಕರೆ 2ರಿಂದ 8%ಗೆ ಏರಿದರೆ ಮುಕ್ಕಾಲು ಪಾಲು ನೀರು ಒಲೆ ಹೊತ್ತಿಸುವ ಮೊದಲೇ ಹೋಯಿತು.

ಪಾಕದ ಹದ ನೋಡುವುದು ಹೇಗೆ? ನೀರು ಕುದಿಯುವ ಬಿಸಿಗಿಂತ ಸುಮಾರು 4 ಡಿಗ್ರಿ ಮೇಲೆ. ಸಮುದ್ರ ಮಟ್ಟದಲ್ಲಿ 104. ಬೆಟ್ಟದ ಮೇಲೆ ಅಷ್ಟು ಸುಲಭ ಇಲ್ಲ. 300 ಮೀಟರ್ ಏರಿದರೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಬೆಂಗಳೂರಿನಲ್ಲೂ ನೀರು 97ಕ್ಕೇ ಕುದಿಯುತ್ತದಲ್ಲ. ಮೋಡ ಕವಿದು ಗಾಳಿಯ ಒತ್ತಡ ಇಳಿದರೂ ಅದು ಬದಲಾಗುತ್ತದೆ. ಹಾಗಾಗಿ ಆ ಹಿರಿಯರು ದಿನಾ ಮೊದಲು ಬರೀ ನೀರು ಕುದಿಸಿ, ಥರ್ಮಾಮೀಟರ್ ನೋಡಿ, ಅವತ್ತಿನ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೂ ಕಣ್ಣನ್ನೇ ನಂಬುತ್ತಾರೆ. ಅಗಲವಾದ ಸೌಟನ್ನು ಅದ್ದಿ ಎತ್ತಿ ಹಿಡಿದರು. ಪಾಕ ಅಂಚಿನಿಂದ ಹನಿಹನಿಯಾಗಿ ಬಿತ್ತು. ಇನ್ನೂ ಆಗಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಎತ್ತಿದರು. ಈ ಸಲ ಹನಿಗಳು ಒಂದಕ್ಕೊಂದು ಅಂಟಿಕೊಂಡು, ಅಂಚಿನುದ್ದಕ್ಕೂ ತೆಳು ಪರದೆಯಾಗಿ ಇಳಿಬಿದ್ದು, ಒಂದು ಕ್ಷಣ ನಿಂತು ಜಾರಿತು. "ಆಯ್ತು" ಎಂದವರೇ ನಲ್ಲಿ ತಿರುಗಿಸಿದರು.

ಇನ್ನೂ ಕಾಯಿಸಿ ಗಟ್ಟಿ ಮಾಡಿ ಹಿಮದ ಮೇಲೆ ಸುರಿದರೆ ಅಂಟಂಟು ಮಿಠಾಯಿ. ಅದರ ಜೊತೆ ಹುಳಿ ಸೌತೆಕಾಯಿ ಉಪ್ಪಿನಕಾಯಿ ಕಚ್ಚುವುದು ಇಲ್ಲಿನ ಪದ್ಧತಿ. ಹುಳಿ ನಾಲಿಗೆಯನ್ನು ತೊಳೆದುಬಿಡುತ್ತದೆ, ಇನ್ನೊಂದು ಸುತ್ತು ಸಿಹಿ ಸೇರುತ್ತದೆ. ಮಕ್ಕಳು ಸಾಲುಗಟ್ಟಿ ನಿಂತಿದ್ದರು, ನಾನೂ ನಿಂತೆ.

ಮರುದಿನ ಸುಮ್ನೆ ತಿರುಗಾಡಿದೆ. ಕಾಡಿನಲ್ಲಿ ಪ್ರತಿ ಮರದ ಬುಡದ ಸುತ್ತ ಹಿಮ ಕರಗಿ ಬಟ್ಟಲಿನಂತೆ ಗುಂಡಿಯಾಗಿತ್ತು. ಕಪ್ಪು ಕಾಂಡ ಬಿಸಿಲು ಹೀರಿ ಶಾಖ ಬಿಡುವುದರಿಂದ ಹಾಗೆ. ಆ ಗುಂಡಿಗಳ ಅಂಚಿನ ಹಿಮದ ಮೇಲೆ ಯಾರೋ ಕರಿಮೆಣಸಿನ ಪುಡಿ ಚೆಲ್ಲಿದಂತಿತ್ತು. ಬಗ್ಗಿ ನೋಡಿದರೆ ಪುಡಿ ಕುಪ್ಪಳಿಸುತ್ತಿದೆ! ಹಿಮದ ಚಿಗಟ ಎಂದು ಕರೆಯುತ್ತಾರೆ, ನಿಜಕ್ಕೂ ಚಿಗಟವಲ್ಲ, ಯಾರನ್ನೂ ಕಚ್ಚುವುದಿಲ್ಲ. ಸ್ಕೀ ಮಾಡುವವರು ಈ ದಿನಗಳಲ್ಲಿ ಹತ್ತು ಗಂಟೆಯ ತನಕ ಕಾಯುತ್ತಾರೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಹಿಮ ಜೋಳದ ಕಾಳಿನಂತೆ ಉರುಟಾಗಿರುತ್ತದೆ. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಗಂಜಿ, ನಡುವಿನ ಎರಡು ಮೂರು ಗಂಟೆ ಮಾತ್ರ ಹದ.

ಕೆಸರಿನ ಕಾರಣವೂ ಇದೇ. ವರ್ಮಾಂಟಿನ ಅರ್ಧಕ್ಕಿಂತ ಜಾಸ್ತಿ ರಸ್ತೆಗಳು ಮಣ್ಣಿನವು. ಮೇಲಿನ ಮಣ್ಣು ಮೊದಲು ಕರಗುತ್ತದೆ, ಕೆಳಗಿನದು ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ನೀರು ಇಂಗಲು ಜಾಗ ಇಲ್ಲ. ಬೆಟ್ಟದ ಕಾಲುದಾರಿಗಳಿಗೂ ಅದೇ ಗತಿ. ಆಗ ನಡೆದರೆ ಮಣ್ಣು ಕಿತ್ತು ಕೊಚ್ಚಿಹೋಗುತ್ತದೆ. ಅದಕ್ಕೇ ಮೇ ಕೊನೆಯ ತನಕ ಎತ್ತರದ ದಾರಿಗಳಿಗೆ ಬರಬೇಡಿ ಎಂದು ಕೇಳಿಕೊಳ್ಳುತ್ತಾರೆ. ದಯವಿಟ್ಟು ಕೇಳಬೇಕು. ನಾನು ಕೆಳಗಿನ ಕಾಡಿನಲ್ಲೇ ತಿರುಗಿದೆ, ನೋಡುವುದಕ್ಕೇನೂ ಕಡಿಮೆಯಿರಲಿಲ್ಲ.

ಅಲ್ಲೊಂದು ಕೆಂಪು ಅಳಿಲು. ಇದು ಮೇಪಲ್ ತೊಗಟೆಗೆ ಹಲ್ಲು ಊರಿ ಹೋಗಿಬಿಡುತ್ತದೆ. ರಸ ಸುರಿಯುವಾಗ ಕುಡಿಯುವುದಿಲ್ಲ. ಬಿಸಿಲಿಗೂ ಗಾಳಿಗೂ ನೀರು ಆರಿ ಸಕ್ಕರೆ ಉಳಿದ ಮೇಲೆ ಮರಳಿ ಬಂದು ನೆಕ್ಕುತ್ತದೆ! ಬರ್ನ್ಡ್ ಹೈನ್ರಿಕ್ ಎಂಬ ಜೀವವಿಜ್ಞಾನಿ ಹತ್ತಿರದ ಮೇನ್ ರಾಜ್ಯದ ಕಾಡಿನಲ್ಲಿ ಇದನ್ನು ಕಾದು ನೋಡಿ 1992ರಲ್ಲಿ ಪ್ರಕಟಿಸಿದರು. ಒಲೆಯಿಲ್ಲದೆ ಸಿರಪ್ ಮಾಡಿಕೊಳ್ಳುವ ಪ್ರಾಣಿ.

ಸೊನ್ನೆಯ ಗೆರೆ ಸರಿದರೆ ಇದೆಲ್ಲ ನಿಲ್ಲುತ್ತದೆ. ರಾತ್ರಿ ಹೆಪ್ಪುಗಟ್ಟದಿದ್ದರೆ ಮರ ನೀರು ತುಂಬಿಕೊಳ್ಳುವುದಿಲ್ಲ, ಪಂಪು ನಿಂತಂತೆ. 1791ರಲ್ಲಿ ವರ್ಮಾಂಟಿಗೆ ಬಂದಿದ್ದ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್, ಗುಲಾಮರ ದುಡಿಮೆಯ ಕಬ್ಬಿನ ಸಕ್ಕರೆಗೆ ಮೇಪಲ್ ಬದಲಿಯಾದೀತು ಎಂದು ಆಸೆಪಟ್ಟು ತನ್ನ ವರ್ಜೀನಿಯಾದ ತೋಟದಲ್ಲಿ ಸಸಿ ನೆಡಿಸಿದ. ಆ ತೋಟದಲ್ಲೂ ದುಡಿಯುತ್ತಿದ್ದವರು ಗುಲಾಮರೇ. ಮೇಪಲ್ ಅಲ್ಲಿ ಕೈಹಿಡಿಯಲಿಲ್ಲ. ಈಗ ವರ್ಮಾಂಟಿನ ಚಳಿಗಾಲವೇ ಬೆಚ್ಚಗಾಗುತ್ತಿದೆ. ಮೊದಲೆಲ್ಲ ಮಾರ್ಚಿನ ಮೊದಲ ಮಂಗಳವಾರ, ಊರಿನ ಸಭೆಯ ದಿನ, ತೂತು ಕೊರೆಯುವ ರೂಢಿ. ಈಗ ಹಲವರು ಜನವರಿಯಲ್ಲೇ ಶುರು ಮಾಡುತ್ತಾರೆ. "ಕ್ಯಾಲೆಂಡರ್ ನೋಡುವುದನ್ನು ಬಿಟ್ಟೆ, ಹವಾಮಾನದ ಮುನ್ಸೂಚನೆ ನೋಡ್ತೀನಿ" ಎಂದರು ಹಿರಿಯರು. ರಸ ಕೊಡುವಷ್ಟು ದಪ್ಪವಾಗಲು ಒಂದು ಮರಕ್ಕೆ ಸುಮಾರು 40 ವರ್ಷ ಬೇಕು. ಅವರು ಈಗ ನೆಟ್ಟ ಗಿಡಕ್ಕೆ ಮೂತಿ ಬಡಿಯುವ ಹೊತ್ತಿಗೆ ಇಲ್ಲಿನ ಮಾರ್ಚ್ ಹೇಗಿರುತ್ತದೋ ಎಂದು ಯೋಚಿಸಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಏಪ್ರಿಲಿನಲ್ಲಿ ಮತ್ತೊಮ್ಮೆ ಹೋಗಿದ್ದೆ. ರಾತ್ರಿ ಸಣ್ಣ ಮಳೆ, ಸ್ವೆಟರ್ ಸಾಕಾಗುವಷ್ಟು ಬೆಚ್ಚಗೆ. ಕಾಡಿನ ನಡುವಿನ ಹೊಂಡದಿಂದ ಬಾತುಕೋಳಿ ಕೂಗಿದಂಥ ಸದ್ದು ಬರುತ್ತಿತ್ತು. ಕಾಡುಗಪ್ಪೆಗಳು. ಚಳಿಗಾಲವಿಡೀ ತರಗೆಲೆಯ ಕೆಳಗೆ ಹೆಪ್ಪುಗಟ್ಟಿ ಬಿದ್ದಿರುತ್ತವೆ. ಹೃದಯವೂ ನಿಂತಿರುತ್ತದೆ. ಯಕೃತ್ತಿನಿಂದ ಹೊರಟ ಗ್ಲೂಕೋಸ್ ಮೈಯೆಲ್ಲ ತುಂಬಿ ಜೀವಕೋಶಗಳು ಒಡೆಯದಂತೆ ಕಾಯುತ್ತದೆ. ಇಲ್ಲೂ ಸಕ್ಕರೆಯೇ! ರಸ್ತೆಯಲ್ಲಿ ಟಾರ್ಚ್ ಹಿಡಿದ ಕೆಲವರು, ಹೊಂಡದ ಕಡೆ ಹೊರಟಿದ್ದ ಹಲ್ಲಿಯಂತೆ ಕಾಣುವ, ಹಳದಿ ಚುಕ್ಕೆಯ ಸಾಲಮ್ಯಾಂಡರ್‌ಗಳನ್ನು ಒದ್ದೆ ಕೈಯಲ್ಲಿ ಎತ್ತಿ ಆಚೆ ದಾಟಿಸುತ್ತಿದ್ದರು.

ಕಪ್ಪೆ ಕೂಗಿದರೆ ಕೊನೆಯ ರಸ. ಮೊಗ್ಗು ಬಿರಿಯುವ ಹೊತ್ತಿಗೆ ಅದಕ್ಕೆ ಒಗರು ವಾಸನೆ ಬಂದುಬಿಡುತ್ತದೆ. ಬೆಳಿಗ್ಗೆ ಹಿರಿಯರು ಮೂತಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ನನ್ನ ಬೆರಳು ಹಿಡಿದು ಕಾಂಡದ ಮೇಲೆ ಇಟ್ಟರು. ಇದು ಹೋದ ವರ್ಷದ್ದು, ಮುಚ್ಚಿಕೊಂಡಿದೆ. ಇದು ಅದರ ಹಿಂದಿನ ವರ್ಷದ್ದು, ಹೊಕ್ಕುಳಿನಷ್ಟು ಗುಳಿ. ಅದಕ್ಕೂ ಹಿಂದಿನದು ಬೆರಳಿಗೆ ಸಿಗಲೇ ಇಲ್ಲ. ಕೈಯಲ್ಲಿದ್ದ ಮೂತಿಯನ್ನು ಬಕೆಟ್ಟಿಗೆ ಹಾಕಿ, ಅವರು ಮುಂದಿನ ಮರಕ್ಕೆ ಹೋದರು.