ನೀರು ಕುಡಿದರೂ ಒಣಗುವ ಬಾಯಿ

ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುತ್ತಿರುವವರು ಬಾಯಿ ಒಣಗುತ್ತಿದೆ ಎಂದರೆ ಮನೆಯವರು ನೀರಿನ ಲೋಟ ಹಿಡಿದು ಬರುತ್ತಾರೆ. ಆದರೆ ಕುಡಿದ ನೀರು ಗಂಟಲಿಗಿಳಿದ ಸ್ವಲ್ಪ ಹೊತ್ತಿಗೇ ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಕೊರತೆಯಾಗಿರುವುದು ಜೊಲ್ಲು.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಒಸರುತ್ತದೆ. ತುತ್ತನ್ನು ನೆನೆಸಿ ಜಾರಿಸುವುದು, ರುಚಿ ತಿಳಿಸುವುದು, ಹಲ್ಲನ್ನು ಆಮ್ಲದಿಂದ ಕಾಯುವುದು, ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುವುದು ಎಲ್ಲವೂ ಅದರ ಕೆಲಸ. ಕಿವಿಯ ಮುಂದಿರುವ ಪರೋಟಿಡ್ ಗ್ರಂಥಿಯಲ್ಲಿ ತೆಳು ಜೊಲ್ಲು ತಯಾರಿಸುವ ಕೋಶಗಳು ವಿಕಿರಣಕ್ಕೆ ಬಹುಬೇಗ ಸೋಲುತ್ತವೆ. ಚಿಕಿತ್ಸೆ ಆರೇಳು ವಾರ ನಡೆಯುವುದಾದರೂ ಮೊದಲ ವಾರದಲ್ಲೇ ಒಸರು ತಗ್ಗುತ್ತದೆ. ಉಳಿಯುವುದು ನೂಲಿನಂತೆ ಎಳೆಯೆಳೆಯಾಗುವ ಲೋಳೆ.

ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ಹೊಂದಿಸಿ ಪರೋಟಿಡ್ ಉಳಿಸುವ ವಿಧಾನವೇ ಐಎಂಆರ್‌ಟಿ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾರ್ಸ್‌ಪೋರ್ಟ್ ಅಧ್ಯಯನದಲ್ಲಿ, ವರ್ಷ ಕಳೆದ ಮೇಲೆ ಹಳೆಯ ವಿಧಾನದವರಲ್ಲಿ ಶೇ 74 ಮಂದಿಗೆ ಕಾಡುವಷ್ಟು ಬಾಯೊಣಗು ಉಳಿದಿತ್ತು. ಐಎಂಆರ್‌ಟಿ ಪಡೆದವರಲ್ಲಿ ಅದು ಶೇ 38. ಗಡ್ಡೆ ಗ್ರಂಥಿಗೆ ಅಂಟಿಕೊಂಡಿದ್ದರೆ ಇದು ಆಗದು. ಆದರೂ ‘ನನ್ನ ಜೊಲ್ಲು ಗ್ರಂಥಿಯನ್ನು ಉಳಿಸಬಹುದೇ?’ ಎಂದು ವೈದ್ಯರನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು, ರೇಡಿಯೇಷನ್ ಶುರುವಾಗುವ ಮುನ್ನವೇ ದಂತವೈದ್ಯರಿಗೆ ಬಾಯಿ ತೋರಿಸುವುದು. ಕ್ಯಾನ್ಸರ್ ಎಂಬ ಗಾಬರಿಯಲ್ಲಿ ಹಲ್ಲಿನ ಮಾತು ಯಾರಿಗೂ ನೆನಪಾಗುವುದಿಲ್ಲ. ಉಳಿಸಲಾಗದ ಹಲ್ಲನ್ನು ಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲೇ ಕೀಳಿಸಿ ಗಾಯ ಮಾಯಲು ಬಿಡಬೇಕು. ವಿಕಿರಣ ತಗುಲಿದ ದವಡೆಗೆ ರಕ್ತಸಂಚಾರ ಕಡಿಮೆ. ಆಮೇಲೆ ಕಿತ್ತರೆ ಗಾಯ ಕೂಡದೆ ಮೂಳೆಯೇ ಸಾಯುವ ಅಪಾಯವಿದೆ. ಜೊಲ್ಲಿಲ್ಲದ ಬಾಯಲ್ಲಿ ಒಸಡಿನಂಚಿನಿಂದ ಹುಳುಕು ಹತ್ತಿ ಹಲ್ಲು ತುಂಡಾಗುವುದಕ್ಕೆ ಕೆಲವು ತಿಂಗಳು ಸಾಕು. ಅದಕ್ಕಾಗಿಯೇ ದಿನವೂ ಫ್ಲೋರೈಡ್ ಜೆಲ್ ಹಚ್ಚಿಕೊಳ್ಳಲು ಹೇಳುತ್ತಾರೆ.

ಮನೆಯಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡ, ಅದರರ್ಧ ಉಪ್ಪು ಬೆರೆಸಿ ದಿನಕ್ಕೆ ಹಲವು ಬಾರಿ ಮುಕ್ಕಳಿಸಿದರೆ ಲೋಳೆ ಸಡಿಲವಾಗುತ್ತದೆ. ಆಲ್ಕೋಹಾಲ್ ಬೆರೆತ ಮೌತ್‌ವಾಶ್ ಬೇಡ, ಅದು ಇನ್ನಷ್ಟು ಒಣಗಿಸುತ್ತದೆ. ಒಣ ಚಪಾತಿಯ ಬದಲು ರಾಗಿ ಗಂಜಿ, ಮೊಸರನ್ನ, ಖಾರವಿಲ್ಲದ ತಿಳಿಸಾರಿನಲ್ಲಿ ನೆನೆದ ಇಡ್ಲಿ ಸಲೀಸಾಗಿ ಇಳಿಯುತ್ತವೆ. ನಿಂಬೆ ಚೀಪಿದರೆ ಜೊಲ್ಲು ಬರುತ್ತದೆನ್ನುವುದು ನಿಜವಾದರೂ ಹುಣ್ಣಾದ ಬಾಯಿಗೆ ಅದು ಉರಿ, ಹಲ್ಲಿಗೆ ಸವೆತ. ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ಚೂಯಿಂಗ್ ಗಮ್ ವಾಸಿ. ತಂಬಾಕು, ಅಡಿಕೆ ಪೂರ್ತಿ ಬಿಡಲೇಬೇಕು.

ಒಂದಿಷ್ಟಾದರೂ ಗ್ರಂಥಿ ಉಳಿದಿದ್ದರೆ ಪೈಲೋಕಾರ್ಪಿನ್ ಮಾತ್ರೆ ಅದನ್ನು ಕೆರಳಿಸಬಲ್ಲದು. ಬೆವರು ಹೆಚ್ಚುತ್ತದೆ, ಹತೋಟಿಗೆ ಬಾರದ ಆಸ್ತಮಾ, ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿಯಾಗುವ ಕಾಯಿಲೆ) ಇರುವವರಿಗೆ ಅದು ಸಲ್ಲದು. ನಾಲಿಗೆಯ ಮೇಲೆ ಬಿಳಿ ಪದರ ಕಂಡರೆ ಶಿಲೀಂಧ್ರದ ಸೋಂಕಿರಬಹುದು, ಅದಕ್ಕೆ ಔಷಧಿ ಇದೆ, ತಡಮಾಡಬೇಡಿ. ಕಡಿಮೆ ವಿಕಿರಣ ಬಿದ್ದ ಗ್ರಂಥಿಗಳು ಒಂದೆರಡು ವರ್ಷಗಳಲ್ಲಿ ಸ್ವಲ್ಪಸ್ವಲ್ಪವೇ ಚೇತರಿಸಿಕೊಳ್ಳುವುದುಂಟು. ಹಾಗಾದಾಗಲೂ ದಂತವೈದ್ಯರು ಹೇಳುವವರೆಗೆ ಫ್ಲೋರೈಡ್ ನಿಲ್ಲಿಸುವಂತಿಲ್ಲ.